ಹೆಸರು ಹೊಂದಿದರೆ ಸಾಕು, ಗುಂಡು ಹಾರಿಸುವ ಯಂತ್ರ: ಟರ್ಮಿನೇಟರ್ ಇನ್ನೂ ನಮ್ಮನ್ನು ಬಿಡದಿರುವುದು ಯಾಕೆ?

ಟಿವಿಯಲ್ಲಾಗಲಿ ಪೇಪರಿನಲ್ಲಾಗಲಿ ಎಐ ಬಗ್ಗೆ ಒಂದು ಸುದ್ದಿ ಬಂತು ಅಂದರೆ ಪಕ್ಕದಲ್ಲಿ ಅದೇ ಚಿತ್ರ. ಉಕ್ಕಿನ ತಲೆಬುರುಡೆ, ಕೆಂಪು ಕಣ್ಣು. ಸುದ್ದಿ ಬ್ಯಾಂಕಿನ ಚಾಟ್‌ಬಾಟ್ ಬಗ್ಗೆ ಇರಬಹುದು, ಪರೀಕ್ಷೆಯಲ್ಲಿ ನಕಲು ಹೊಡೆಯುವುದರ ಬಗ್ಗೆ ಇರಬಹುದು, ಬುರುಡೆ ಮಾತ್ರ ಬದಲಾಗುವುದಿಲ್ಲ. ಧಾರವಾಡದ ಯಾವುದೇ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನು ಕೇಳಿ, ಅದು ಟರ್ಮಿನೇಟರ್ ಅಂತ ತಟ್ಟನೆ ಹೇಳುತ್ತಾರೆ. ಅವರು ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಬಂದ ಸಿನಿಮಾ ಅದು.

'ದಿ ಟರ್ಮಿನೇಟರ್' ಅಮೆರಿಕದಲ್ಲಿ ತೆರೆಕಂಡಿದ್ದು 1984ರ ಅಕ್ಟೋಬರ್ 26ರಂದು. ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಹೆಸರು ಆಗ ಯಾರಿಗೂ ಗೊತ್ತಿರಲಿಲ್ಲ. ಬೇರೆ ಸಿನಿಮಾದ ಕೆಲಸಕ್ಕೆ ರೋಮ್‌ಗೆ ಹೋಗಿದ್ದಾಗ ಜ್ವರ ಬಂದು ಮಲಗಿದ್ದರಂತೆ. ಬೆಂಕಿಯೊಳಗಿಂದ ಲೋಹದ ಅಸ್ಥಿಪಂಜರ ಎದ್ದು ಬರುವ ಕನಸು ಬಿತ್ತು. ಆ ಕನಸನ್ನೇ ಕಥೆ ಮಾಡಿದರು. ಕಥೆಯ ಹಕ್ಕನ್ನು ನಿರ್ಮಾಪಕಿ ಗೇಲ್ ಆನ್ ಹರ್ಡ್ ಅವರಿಗೆ ಒಂದೇ ಒಂದು ಡಾಲರ್‌ಗೆ ಮಾರಿದರು, ನಿರ್ದೇಶನ ತಾವೇ ಮಾಡಬೇಕು ಅನ್ನುವ ಷರತ್ತಿನ ಮೇಲೆ. ಸಿನಿಮಾಕ್ಕೆ ಆದ ಖರ್ಚು ಸುಮಾರು 64 ಲಕ್ಷ ಡಾಲರ್. ಗಳಿಸಿದ್ದು ಅದರ ಹತ್ತು ಪಟ್ಟಿಗೂ ಜಾಸ್ತಿ. 1991ರಲ್ಲಿ ಬಂದ ಎರಡನೇ ಭಾಗಕ್ಕೆ ಸುಮಾರು 10 ಕೋಟಿ ಡಾಲರ್ ಸುರಿದರು. ಅದು 50 ಕೋಟಿ ದಾಟಿತು, ನಾಲ್ಕು ಆಸ್ಕರ್ ತಂದಿತು. ಆಮೇಲೆ 2003, 2009, 2015, 2019ರಲ್ಲಿ ಇನ್ನೂ ನಾಲ್ಕು ಸಿನಿಮಾ ಬಂದವು. ನಡುವೆ ಒಂದು ಟಿವಿ ಧಾರಾವಾಹಿ. 2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಜಪಾನಿ ಅನಿಮೆ ಸರಣಿ.

ನಮ್ಮ ಕಡೆಗೆ ಇದು ತಲುಪಿದ ದಾರಿಯನ್ನೂ ಸ್ವಲ್ಪ ನೋಡಬೇಕು. ಕರ್ನಾಟಕದಲ್ಲಿ ದಶಕಗಳ ಕಾಲ ಡಬ್ಬಿಂಗ್ ಇರಲಿಲ್ಲ. ಹುಬ್ಬಳ್ಳಿ, ಗದಗ, ಹಾವೇರಿಯ ಜನ ಇಂಗ್ಲಿಷ್ ಸಿನಿಮಾವನ್ನು ಇಂಗ್ಲಿಷಿನಲ್ಲೇ ನೋಡಬೇಕಿತ್ತು, ಇಲ್ಲವೇ ಟಿವಿಯಲ್ಲಿ ಹಿಂದಿಯಲ್ಲಿ ಬಂದಾಗ ನೋಡಬೇಕಿತ್ತು. ಟರ್ಮಿನೇಟರ್‌ಗೆ ಅದು ತೊಡಕಾಗಲೇ ಇಲ್ಲ. ಮೊದಲ ಸಿನಿಮಾದಲ್ಲಿ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಆಡುವ ಮಾತೆಲ್ಲ ಸೇರಿಸಿದರೂ ಒಂದು ಪುಟ ತುಂಬುವುದಿಲ್ಲ. ಅವನು ನಡೆಯುತ್ತಾನೆ, ತಲೆ ತಿರುಗಿಸಿ ನೋಡುತ್ತಾನೆ, ಗುಂಡು ಹಾರಿಸುತ್ತಾನೆ. ಎದುರಿಗಿದ್ದವಳು ಓಡುತ್ತಾಳೆ. ಇಷ್ಟು ಅರ್ಥವಾಗಲು ಯಾವ ಭಾಷೆಯೂ ಬೇಕಿಲ್ಲ.

ಆದರೆ ಬರೀ ಮೈಕಟ್ಟು, ಬೈಕು, ಕರಿ ಕನ್ನಡಕದಿಂದ ಒಂದು ಸಿನಿಮಾ ನಲವತ್ತು ವರ್ಷ ಉಳಿಯುವುದಿಲ್ಲ. ಅಂಥ ಹೀರೋಗಳು 80ರ ದಶಕದಲ್ಲಿ ಬೇಕಾದಷ್ಟು ಮಂದಿ ಇದ್ದರು. ಅವರ ಪೋಸ್ಟರುಗಳೂ ಹೇರ್ ಕಟಿಂಗ್ ಅಂಗಡಿಗಳ ಗೋಡೆ ಮೇಲಿದ್ದವು. ಈಗ ಎಷ್ಟು ಜನರಿಗೆ ಅವರ ನೆನಪಿದೆ? ಇದು ಉಳಿದಿರುವುದಕ್ಕೆ ಕಾರಣ ಬೇರೆ. ನನ್ನ ಪ್ರಕಾರ ಅದು ಮೊದಲ ಸಿನಿಮಾದ ಒಂದು ಸಣ್ಣ ದೃಶ್ಯದಲ್ಲಿದೆ.

ಮುಂದೆಂದೋ ನಡೆಯುವ ಯುದ್ಧದಲ್ಲಿ ಯಂತ್ರಗಳ ವಿರುದ್ಧ ಮನುಷ್ಯರ ನಾಯಕನಾಗುವವನು ಜಾನ್ ಕಾನರ್. ಅವನು ಹುಟ್ಟಲೇಬಾರದು ಅಂತ ಅವನ ತಾಯಿ ಸಾರಾ ಕಾನರ್‌ಳನ್ನು ಕೊಲ್ಲಲು ಯಂತ್ರವೊಂದನ್ನು 1984ರ ಲಾಸ್ ಏಂಜಲೀಸ್‌ಗೆ ಆ ಯಂತ್ರಗಳ ಪಡೆ ಕಳಿಸುತ್ತದೆ. ಯಂತ್ರಕ್ಕೆ ಅವಳ ಮುಖ ಗೊತ್ತಿಲ್ಲ. ಯುದ್ಧದಲ್ಲಿ ದಾಖಲೆಗಳೆಲ್ಲ ನಾಶವಾಗಿವೆ. ಗೊತ್ತಿರುವುದು ಹೆಸರು, ಊರು ಅಷ್ಟೇ. ಅದು ಫೋನ್ ಬೂತಿಗೆ ಹೋಗುತ್ತದೆ, ಮಾತಾಡುತ್ತ ನಿಂತವನನ್ನು ಎಳೆದು ಬಿಸಾಕುತ್ತದೆ, ಡೈರೆಕ್ಟರಿ ತೆಗೆಯುತ್ತದೆ. ಆ ಊರಿನಲ್ಲಿ ಮೂವರು ಸಾರಾ ಕಾನರ್ ಇದ್ದಾರೆ. ಸರಿ, ಮೂವರನ್ನೂ ಕೊಂದರಾಯಿತು. ಮೊದಲ ಮನೆಯ ಬಾಗಿಲು ತಟ್ಟುತ್ತದೆ. ಒಬ್ಬ ಗೃಹಿಣಿ ಬಾಗಿಲು ತೆಗೆಯುತ್ತಾಳೆ. "ಸಾರಾ ಕಾನರ್?" ಅಂತ ಕೇಳುತ್ತದೆ. ಅವಳು ಹೌದು ಅನ್ನುತ್ತಾಳೆ.

ಆ ಹೆಂಗಸಿಗೂ ಈ ಕಥೆಗೂ ಯಾವ ಸಂಬಂಧವೂ ಇಲ್ಲ. ಹೆಸರು ಹೊಂದಿತು, ಸತ್ತಳು. ಯಂತ್ರಕ್ಕೆ ಅವಳ ಮೇಲೆ ಸಿಟ್ಟಿರಲಿಲ್ಲ, ಅವಳನ್ನು ಕೊಂದು ಖುಷಿಯೂ ಆಗಲಿಲ್ಲ. ಪಟ್ಟಿಯಲ್ಲಿ ಒಂದು ಸಾಲು ಮುಗಿಯಿತು. ಕೆಂಪು ಕಣ್ಣಿಗಿಂತ ನೂರು ಪಟ್ಟು ಭಯ ಹುಟ್ಟಿಸುವುದು ಇದು.

ಈ ಕಥೆ ನಮಗೆ ಪರಿಚಿತ ಅನ್ನಿಸಿದರೆ ಆಶ್ಚರ್ಯವಿಲ್ಲ. ಕಂಸನ ಕಥೆ ಕೇಳಿ ಬೆಳೆದವರು ನಾವು. ಅಲ್ಲೂ ಮುಂದೆ ತನ್ನನ್ನು ಕೊಲ್ಲುವವನು ಹುಟ್ಟುವ ಮೊದಲೇ ಮುಗಿಸಬೇಕು ಅನ್ನುವ ಹಟ. ಅಲ್ಲೂ ಗುರಿ ತಾಯಿಯೇ. ಮಗು ಕೈತಪ್ಪಿ ಹೋಯಿತು, ಯಾವುದು ಅಂತ ಗೊತ್ತಾಗುತ್ತಿಲ್ಲ ಅಂದಾಗ ಎಳೆಗೂಸುಗಳನ್ನೆಲ್ಲ ಕೊಲ್ಲಿ ಅಂತ ಅಪ್ಪಣೆ. ಮೂವರು ಸಾರಾಗಳ ಲೆಕ್ಕವೂ ಇದೇ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಮದುವೆಯ ದಿನವೇ ದೇವಕಿಯ ಜುಟ್ಟು ಹಿಡಿದು ಕತ್ತಿ ಎತ್ತಿದ ಕಂಸ, ವಸುದೇವನ ಮಾತು ಕೇಳಿ ಕೈ ಇಳಿಸಿದ. ಅವನು ಪಾಪಿ, ನಿಜ. ಆದರೂ ಕಿವಿ ಇತ್ತು. ಒಂದು ಸಲವಾದರೂ ಅವನ ಹತ್ತಿರ ಮಾತಾಡಲು ಆಗುತ್ತಿತ್ತು. ಟರ್ಮಿನೇಟರ್ ಮುಂದೆ ವಸುದೇವ ನಿಂತು ಏನು ಹೇಳಿದರೂ ನಡೆಯುವುದಿಲ್ಲ. ಭವಿಷ್ಯದಿಂದ ಸಾರಾಳನ್ನು ಉಳಿಸಲು ಬಂದ ಸೈನಿಕ ಕೈಲ್ ರೀಸ್ ಅವಳಿಗೆ ಮೊದಲು ತಿಳಿಸಿ ಹೇಳುವುದೇ ಇದನ್ನು: ಅದರ ಜೊತೆ ಚೌಕಾಸಿ ನಡೆಯಲ್ಲ, ಅದಕ್ಕೆ ಕರುಣೆ ಇಲ್ಲ, ನೀನು ಸಾಯುವ ತನಕ ಅದು ನಿಲ್ಲಲ್ಲ.

ನಮ್ಮ ಸಿನಿಮಾಗಳ ರೋಬೋಗಳನ್ನು ನೋಡಿ. 2002ರಲ್ಲೇ ಉಪೇಂದ್ರ 'ಹಾಲಿವುಡ್' ಸಿನಿಮಾದಲ್ಲಿ ಯಂತ್ರಮಾನವನಾಗಿ ಬಂದಿದ್ದರು. 2010ರಲ್ಲಿ ರಜನಿಕಾಂತ್ 'ಎಂದಿರನ್'ನಲ್ಲಿ ಚಿಟ್ಟಿಯಾದರು. ಚಿಟ್ಟಿ ಕೆಡುವುದು ಅವನಿಗೆ ಭಾವನೆ ಬಂದ ಮೇಲೆ, ಒಬ್ಬ ಹುಡುಗಿಯ ಮೇಲೆ ಮನಸ್ಸಾದ ಮೇಲೆ. ಅವನ ಸಿಟ್ಟು ನಮಗೆ ಅರ್ಥವಾಗುತ್ತದೆ, ಕೊನೆಗೆ ಅವನಿಗಾಗಿ ಕಣ್ಣೀರೂ ಬರುತ್ತದೆ. ಟರ್ಮಿನೇಟರ್‌ನದು ಪೂರ್ತಿ ಉಲ್ಟಾ. ಒಳಗೆ ಯಾರೂ ಇಲ್ಲ. ಎರಡೂ ಒಳ್ಳೆಯ ಕಥೆಗಳೇ. ಆದರೆ ನಾವು ಈಗ ದಿನಬೆಳಗಾದರೆ ಎದುರಿಸುತ್ತಿರುವ ಯಂತ್ರಗಳು ಚಿಟ್ಟಿಯ ಜಾತಿಯವಲ್ಲ.

ಸಿನಿಮಾ ಹುಟ್ಟಿದ ಕಾಲವನ್ನೂ ಮರೆಯುವಂತಿಲ್ಲ. 1983ರ ಸೆಪ್ಟೆಂಬರ್ 26. ಸೋವಿಯತ್ ಒಕ್ಕೂಟದ ಕ್ಷಿಪಣಿ ಎಚ್ಚರಿಕೆ ಕೇಂದ್ರದಲ್ಲಿ ಸ್ಟಾನಿಸ್ಲಾವ್ ಪೆಟ್ರೋವ್ ಎಂಬ ಸೇನಾಧಿಕಾರಿ ರಾತ್ರಿ ಪಾಳಿಯಲ್ಲಿದ್ದರು. ಸೈರನ್ ಕೂಗಿತು. ಅಮೆರಿಕದಿಂದ ಕ್ಷಿಪಣಿ ಹಾರಿದೆ ಅಂತ ಕಂಪ್ಯೂಟರ್ ಹೇಳಿತು. ಮೊದಲು ಒಂದು, ಆಮೇಲೆ ಒಟ್ಟು ಐದು. ನಿಯಮದ ಪ್ರಕಾರ ಅವರು ಮೇಲಿನವರಿಗೆ ದಾಳಿಯಾಗಿದೆ ಅಂತ ತಿಳಿಸಬೇಕಿತ್ತು. ಅವರು ಯೋಚನೆ ಮಾಡಿದರು. ಯುದ್ಧ ಶುರು ಮಾಡುವವರು ಬರೀ ಐದು ಕ್ಷಿಪಣಿ ಬಿಡುತ್ತಾರಾ? ನೆಲದ ರಾಡಾರ್‌ನಲ್ಲೂ ಏನೂ ಕಾಣುತ್ತಿಲ್ಲ. ಇದು ಸುಳ್ಳು ಎಚ್ಚರಿಕೆ ಅಂತ ವರದಿ ಮಾಡಿದರು. ಅದು ಸುಳ್ಳೇ ಆಗಿತ್ತು. ಎತ್ತರದ ಮೋಡಗಳ ಮೇಲೆ ಬಿದ್ದ ಸೂರ್ಯನ ಬೆಳಕನ್ನು ಉಪಗ್ರಹ ಕ್ಷಿಪಣಿಯ ಬೆಂಕಿ ಅಂದುಕೊಂಡಿತ್ತು.

ಈ ವಿಷಯ ಹೊರಜಗತ್ತಿಗೆ ಗೊತ್ತಾಗಿದ್ದೇ 90ರ ದಶಕದಲ್ಲಿ. ಕ್ಯಾಮರೂನ್ ಕಥೆ ಬರೆಯುವಾಗ ಅವರಿಗೆ ಗೊತ್ತಿರಲು ಸಾಧ್ಯವೇ ಇಲ್ಲ. ಆದರೂ ಅವರು ಬರೆದದ್ದು ಪೆಟ್ರೋವ್ ಇಲ್ಲದ ಜಗತ್ತಿನ ಕಥೆಯನ್ನೇ. ಅಮೆರಿಕದ ಸೇನೆ ರಕ್ಷಣೆಗೆ ಅಂತ ಸ್ಕೈನೆಟ್ ಎಂಬ ಕಂಪ್ಯೂಟರ್ ವ್ಯವಸ್ಥೆ ಕಟ್ಟುತ್ತದೆ. ಅದು ಬೇಗ ಕೆಲಸ ಮಾಡುತ್ತದೆ, ತಪ್ಪು ಮಾಡಲ್ಲ ಅಂತ ಎಲ್ಲ ನಿರ್ಧಾರವನ್ನೂ ಅದರ ಕೈಗೆ ಕೊಡುತ್ತಾರೆ. ರಾತ್ರಿ ಪಾಳಿಯ ಮನುಷ್ಯನನ್ನು ತೆಗೆದುಹಾಕುತ್ತಾರೆ. ಅದಕ್ಕೆ ಸ್ವಂತ ಬುದ್ಧಿ ಬಂದಿದೆ ಅಂತ ಗೊತ್ತಾಗಿ ಗಾಬರಿಯಿಂದ ಆಫ್ ಮಾಡಲು ಹೋದಾಗ ಅದು ಅಣುಬಾಂಬುಗಳನ್ನು ಹಾರಿಸುತ್ತದೆ. ಎರಡನೇ ಸಿನಿಮಾ ಕೊಟ್ಟ ತಾರೀಖು 1997ರ ಆಗಸ್ಟ್ 29. ಆ ದಿನ ಬಂತು, ಹೋಯಿತು. ತಾರೀಖು ಸುಳ್ಳಾಯಿತು ಅಂತ ಕಥೆ ಹಳೆಯದಾಗಲಿಲ್ಲ.

ಎರಡನೇ ಸಿನಿಮಾಕ್ಕೆ ಬರೋಣ. ಅಭಿಮಾನಿಗಳು ಇದನ್ನೇ ಜಾಸ್ತಿ ಮೆಚ್ಚುವುದು, ನಾನೂ ಅವರಲ್ಲಿ ಒಬ್ಬ. ಇಲ್ಲಿ ಅದೇ ಅರ್ನಾಲ್ಡ್, ಅದೇ ಯಂತ್ರ. ಆದರೆ ಈ ಸಲ ಹತ್ತು ವರ್ಷದ ಜಾನ್‌ನನ್ನು ಕಾಪಾಡಲು ಬಂದಿದೆ. ಹುಡುಗ ಅದಕ್ಕೆ ಯಾರನ್ನೂ ಕೊಲ್ಲಬಾರದು ಅಂತ ಕಲಿಸುತ್ತಾನೆ. ದೂರದಿಂದ ನೋಡುತ್ತ ಕೂತ ಸಾರಾಳ ಮನಸ್ಸಿನಲ್ಲಿ ಒಂದು ವಿಚಾರ ಬರುತ್ತದೆ: ಇದು ಅವನಿಗೆ ಹೊಡೆಯುವುದಿಲ್ಲ, ಕುಡಿದು ಬರುವುದಿಲ್ಲ, ಟೈಮ್ ಇಲ್ಲ ಅನ್ನುವುದಿಲ್ಲ, ಇಷ್ಟು ದಿನ ಅಪ್ಪನ ಜಾಗಕ್ಕೆ ಬಂದ ಗಂಡಸರಲ್ಲಿ ಸರಿಯಾದದ್ದು ಇದೊಂದೇ. ಕುಡಿತದಿಂದ ಹಾಳಾದ ಮನೆಗಳನ್ನು ನೋಡಿದ ಯಾವ ಹೆಣ್ಣುಮಗಳಿಗೆ ಈ ಮಾತು ನಾಟುವುದಿಲ್ಲ ಹೇಳಿ?

ಇದೇ ಸಿನಿಮಾದಲ್ಲಿ ಮೈಲ್ಸ್ ಡೈಸನ್ ಬರುತ್ತಾನೆ. ಸ್ಕೈನೆಟ್‌ಗೆ ದಾರಿ ಮಾಡಿಕೊಡುವ ಚಿಪ್ ತಯಾರಿಸುತ್ತಿರುವ ಇಂಜಿನಿಯರ್. ದುಷ್ಟನಲ್ಲ. ಹೆಂಡತಿ ಮಕ್ಕಳನ್ನು ಪ್ರೀತಿಸುವ, ರಜೆಯಲ್ಲೂ ಮನೆಯಲ್ಲಿ ಕೂತು ಕೆಲಸ ಮಾಡುವ ಮನುಷ್ಯ. ಅವನನ್ನು ಕೊಂದರೆ ಯುದ್ಧವೇ ತಪ್ಪುತ್ತದೆ ಅಂತ ಸಾರಾ ಬಂದೂಕು ಹಿಡಿದು ಹೊರಡುತ್ತಾಳೆ. ಕತ್ತಲಲ್ಲಿ ನಿಂತು ಗುರಿ ಇಡುತ್ತಾಳೆ, ಅವನ ಬೆನ್ನ ಮೇಲೆ ಲೇಸರಿನ ಕೆಂಪು ಚುಕ್ಕೆ ಓಡಾಡುತ್ತದೆ. ಅಷ್ಟರಲ್ಲಿ ಮಗನ ಆಟಿಕೆ ಕಾರು ಬಂದು ಕಾಲಿಗೆ ತಾಗುತ್ತದೆ, ಅವನು ಬಗ್ಗುತ್ತಾನೆ, ಗುಂಡು ತಪ್ಪುತ್ತದೆ. ಅವಳು ಮನೆಯೊಳಗೆ ನುಗ್ಗುತ್ತಾಳೆ. ಮಗು ಅಪ್ಪನ ಮೇಲೆ ಬಿದ್ದು ಬಿಡಿ ಅಂತ ಅಳುತ್ತದೆ. ಅವಳ ಕೈ ನಡುಗುತ್ತದೆ. ಹೊಡೆಯಲು ಆಗುವುದಿಲ್ಲ.

ಇಡೀ ಸರಣಿಯ ಜೀವ ಇಲ್ಲಿದೆ ಅಂತ ನಾನು ನಂಬಿದ್ದೇನೆ. ಸಾರಾ ಆ ಕ್ಷಣದಲ್ಲಿ ತಾನೇ ಟರ್ಮಿನೇಟರ್ ಆಗಿದ್ದಳು. ಹೆಸರು ಗೊತ್ತು, ವಿಳಾಸ ಗೊತ್ತು, ಲೆಕ್ಕ ಸರಿಯಾಗಿದೆ. ಲೆಕ್ಕ ಸರಿಯಿದ್ದರೂ ಅವಳು ನಿಂತಳು. ಹುಬ್ಬಳ್ಳಿಯ ಬಿವಿಬಿ ಕಾಲೇಜು 1947ರಿಂದ ಇಂಜಿನಿಯರುಗಳನ್ನು ಕೊಡುತ್ತಿದೆ, ಧಾರವಾಡದಲ್ಲಿ 2016ರಿಂದ ಐಐಟಿಯೂ ಇದೆ. ಇಲ್ಲಿ ಮಷಿನ್ ಲರ್ನಿಂಗ್ ಕಲಿಯುತ್ತಿರುವ ಮಕ್ಕಳು ಅರ್ನಾಲ್ಡ್‌ನನ್ನು ನೋಡಿ ಸಿಳ್ಳೆ ಹೊಡೆಯಲಿ, ಬೇಡ ಅನ್ನಲ್ಲ. ಆದರೆ ಡೈಸನ್‌ನನ್ನು ಸರಿಯಾಗಿ ನೋಡಬೇಕು. ನಾಳೆ ಅವರು ಕೂರುವ ಕುರ್ಚಿ ಅವನದು. ತಾನು ಮಾಡಿದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಗೊತ್ತಾದ ಮೇಲೆ ಅವನು ತನ್ನ ವರ್ಷಗಳ ಕೆಲಸವನ್ನು ತಾನೇ ಸುಟ್ಟುಹಾಕಲು ಹೊರಟ.

ಮುಂದಿನ ನಾಲ್ಕು ಸಿನಿಮಾಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಯಂತ್ರಗಳು ದೊಡ್ಡವಾದವು, ಕಾಲಪ್ರಯಾಣದ ಗಂಟು ಬಿಗಿಯಾಯಿತು, ಬಾಗಿಲು ತಟ್ಟಿ ಹೆಸರು ಕೇಳುವ ಭಯ ಹೋಯಿತು. ಒಂದು ಅವಕಾಶ ಮಾತ್ರ ಕೈತಪ್ಪಿತು ಅಂತ ನನಗೆ ಬೇಜಾರಿದೆ. 2019ರ 'ಡಾರ್ಕ್ ಫೇಟ್' ಶುರುವಿನಲ್ಲಿ ಮೆಕ್ಸಿಕೋದ ಒಂದು ಕಾರು ಕಾರ್ಖಾನೆ ಬರುತ್ತದೆ. ಅಕ್ಕ ತಮ್ಮ ಇಬ್ಬರೂ ಅಲ್ಲೇ ಕೆಲಸಕ್ಕಿದ್ದಾರೆ. ಒಂದು ಬೆಳಿಗ್ಗೆ ಬಂದು ನೋಡಿದರೆ ತಮ್ಮನ ಜಾಗದಲ್ಲಿ ರೋಬೋ ಕೈ ನಿಂತಿದೆ. ಎಂಥ ಆರಂಭ! ಆದರೆ ಕೆಲವೇ ನಿಮಿಷದಲ್ಲಿ ಸಿನಿಮಾ ಅದನ್ನು ಬಿಟ್ಟು ಗುಂಡಿನ ಕಾಳಗಕ್ಕೆ ಓಡುತ್ತದೆ.

ಆ ದೃಶ್ಯ ಹುಬ್ಬಳ್ಳಿಯವರಿಗೆ ಬೇರೆ ರೀತಿಯಲ್ಲಿ ಗೊತ್ತು. ಇಲ್ಲಿನ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಾಗುತ್ತದೆ. ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಬಟ್ಟೆಯ ಎಳೆ, ಚಕ್ರದ 24 ಗೆರೆ, ಎಲ್ಲಕ್ಕೂ ಅಳತೆಯ ಪರೀಕ್ಷೆ ಇದೆ. ಒಂದು ಕಡೆ ತಪ್ಪಿದರೂ ಧ್ವಜ ಪಾಸಾಗಲ್ಲ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂತು, ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ಬೆಂಗೇರಿಯವರು ಪ್ರತಿಭಟನೆಗೆ ಕೂತರು. ಪಾಲಿಯೆಸ್ಟರ್ ಮಗ್ಗ ಆ ವರ್ಷ ಹೊಸದಾಗಿ ಹುಟ್ಟಿದ್ದಲ್ಲ. ಹೊಸದಾಗಿ ಬಂದದ್ದು ದೆಹಲಿಯ ಒಂದು ನಿರ್ಧಾರ. ಕೆಲಸ ಕಸಿಯುವ ರೋಬೋ ಬಗ್ಗೆ ಮಾತಾಡುವಾಗ ನಾವು ಪದೇಪದೇ ಮರೆಯುವುದು ಇದನ್ನೇ.

ಈಗ ನಮ್ಮ ಬಾಗಿಲು ತಟ್ಟುತ್ತಿರುವ ಯಂತ್ರದ ವಿಷಯ. ಬ್ಯಾಡಗಿ ಕಡೆ ಎಷ್ಟೋ ಹೆಂಗಸರು ಜೀವಮಾನವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಮಾಡಿದವರು. ಬೆರಳ ತುದಿ ಸವೆದು ನುಣ್ಣಗಾಗಿರುತ್ತದೆ. ತಿಂಗಳಿಗೊಮ್ಮೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಬೇಕು. ಅಂಥ ಒಬ್ಬ ಅಜ್ಜಿಯನ್ನು ಸಾಲಿನಲ್ಲಿ ನೋಡಿದ್ದೇನೆ. ಒತ್ತಿದಳು, ಕೆಂಪು ದೀಪ. ಸೀರೆ ಸೆರಗಿಗೆ ಬೆರಳು ತಿಕ್ಕಿ ಮತ್ತೆ ಒತ್ತಿದಳು, ಮತ್ತೆ ಕೆಂಪು. ಬೇರೆ ಬೆರಳು, ಎಡಗೈ, ಹಸಿ ಬಟ್ಟೆಯಲ್ಲಿ ಒರೆಸಿ ಇನ್ನೊಮ್ಮೆ. "ನನ್ನ ಗುರ್ತು ಐತಿಲ್ಲೋ ನಿನಗ?" ಅಂತ ಅಂಗಡಿಯವನನ್ನು ಕೇಳಿದಳು. "ಐತಿ ಬೇ ಯವ್ವಾ. ಆದ್ರ ಮಷಿನ್ ತಗೊಳವಲ್ದು, ನಾ ಏನ್ ಮಾಡ್ಲಿ?" ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವಳ ಮನೆ, ಮಗ, ಮೊಮ್ಮಕ್ಕಳು ಎಲ್ಲ ಅವನಿಗೆ ಗೊತ್ತು. ಅಷ್ಟು ಗೊತ್ತಿದ್ದೂ ಅವನ ಮಾತಿಗೆ ಅಲ್ಲಿ ಬೆಲೆ ಇಲ್ಲ.

ಲಾಸ್ ಏಂಜಲೀಸಿನ ಗೃಹಿಣಿ ಸತ್ತದ್ದು ಹೆಸರು ಹೊಂದಿದ್ದಕ್ಕೆ. ಈ ಅಜ್ಜಿ ಬರಿಗೈಯಲ್ಲಿ ಹೋದದ್ದು ಬೆರಳು ಹೊಂದದಿದ್ದಕ್ಕೆ. ಒಂದು ಸಾವು, ಇನ್ನೊಂದು ಒಂದು ತಿಂಗಳ ಅಕ್ಕಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ಎರಡೂ ಕಡೆ ಎದುರಿಗೆ ನಿಂತ ಮನುಷ್ಯಳು ಯಾರು ಅಂತ ಯಂತ್ರಕ್ಕೆ ಗೊತ್ತಿಲ್ಲ, ಗೊತ್ತು ಮಾಡಿಸಲು ಅವಳಿಗೆ ದಾರಿಯೂ ಇಲ್ಲ. ಸಾಲದ ಅರ್ಜಿ ಯಾಕೆ ತಿರಸ್ಕಾರವಾಯಿತು ಅಂತ ಕೇಳಿ ಆ್ಯಪ್ ಮುಂದೆ ಕೂತ ಹುಡುಗನಿಗೂ ಇದೇ ಗತಿ. ಹಳೆಯ ಸಿನಿಮಾ ನಮ್ಮನ್ನು ಬಿಡದಿರುವುದು ಇದಕ್ಕೇ.

ಯುದ್ಧದ ಕಡೆ ಪರಿಸ್ಥಿತಿ ಸಿನಿಮಾಕ್ಕೆ ಇನ್ನೂ ಹತ್ತಿರ ಬಂದಿದೆ. ಆದರೆ ರೂಪ ಬೇರೆ. ಆರಡಿ ಎತ್ತರದ ಮೈಕಟ್ಟಿನ ಮನುಷ್ಯ ಬರುವುದಿಲ್ಲ. ಕೈಯಲ್ಲಿ ಎತ್ತಿಕೊಂಡು ಹೋಗುವಷ್ಟು ಸಣ್ಣ ಡ್ರೋನ್ ಬರುತ್ತದೆ. ಲಿಬಿಯಾದಲ್ಲಿ 2020ರ ಕಾಳಗದ ಬಗ್ಗೆ ವಿಶ್ವಸಂಸ್ಥೆಯ ತಜ್ಞರ ಸಮಿತಿ 2021ರಲ್ಲಿ ವರದಿ ಕೊಟ್ಟಿತು. ಟರ್ಕಿಯ ಕಾರ್ಗು-2ರಂಥ ಡ್ರೋನ್‌ಗಳಿಗೆ, ನಡೆಸುವವರ ಸಂಪರ್ಕ ಇಲ್ಲದೆಯೂ ಗುರಿಯ ಮೇಲೆ ಬೀಳುವಂತೆ ಪ್ರೋಗ್ರಾಂ ಮಾಡಲಾಗಿತ್ತು ಅಂತ ಅದು ಹೇಳಿತು. ಅವು ಯಾರನ್ನಾದರೂ ಕೊಂದವಾ ಅನ್ನುವುದನ್ನು ವರದಿ ಬಿಡಿಸಿ ಹೇಳಲಿಲ್ಲ.

ಇಂಥ ಆಯುಧಗಳ ಬಗ್ಗೆ ಜಿನೀವಾದಲ್ಲಿ 2014ರಿಂದ ಮಾತುಕತೆ ನಡೆಯುತ್ತಿದೆ. 2017ರಲ್ಲಿ ಸರ್ಕಾರಗಳ ತಜ್ಞರ ತಂಡದ ಮೊದಲ ಸಭೆಯ ಅಧ್ಯಕ್ಷತೆ ವಹಿಸಿದ್ದು ಭಾರತದ ರಾಜತಾಂತ್ರಿಕ ಅಮನ್‌ದೀಪ್ ಸಿಂಗ್ ಗಿಲ್. 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಈ ಬಗ್ಗೆ ಮೊದಲ ನಿರ್ಣಯ ಅಂಗೀಕರಿಸಿತು. ಪರವಾಗಿ 152 ದೇಶಗಳು, ವಿರುದ್ಧ ನಾಲ್ಕು. ಆ ನಾಲ್ಕರಲ್ಲಿ ಭಾರತವೂ ಒಂದು. ಜಿನೀವಾದ ವೇದಿಕೆ ಇರುವಾಗ ಇನ್ನೊಂದು ಬೇಡ ಅನ್ನುವುದು ನಮ್ಮ ಸರ್ಕಾರದ ವಾದ. ವಾದದಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ಹತ್ತು ವರ್ಷ ಮಾತಾಡಿಯೂ ಜಿನೀವಾದಿಂದ ಕಡ್ಡಾಯ ನಿಯಮ ಒಂದೂ ಹೊರಬಂದಿಲ್ಲ. ಇಷ್ಟು ದೊಡ್ಡ ವಿಷಯದಲ್ಲಿ ನಮ್ಮ ದೇಶ ಯಾವ ಕಡೆ ಕೈ ಎತ್ತಿತು ಅಂತ ನಮ್ಮ ಕಾಲೇಜುಗಳಲ್ಲಿ, ಪೇಪರುಗಳಲ್ಲಿ ಒಂದು ಚರ್ಚೆಯೂ ಕಾಣಲಿಲ್ಲ. ಅದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಎಐ ಬಗ್ಗೆ 1984ರಲ್ಲೇ ಎಚ್ಚರಿಸಿದ್ದೆ, ನೀವು ಕೇಳಲಿಲ್ಲ ಅಂತ ಕ್ಯಾಮರೂನ್ 2023ರಲ್ಲಿ ಹೇಳಿದರು. ಮರುವರ್ಷವೇ ಸ್ಟೆಬಿಲಿಟಿ ಎಐ ಎಂಬ ಕಂಪನಿಯ ಆಡಳಿತ ಮಂಡಳಿ ಸೇರಿದರು. ಎಷ್ಟೋ ಜನ ಇದನ್ನು ದ್ವಂದ್ವ ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ಎರಡನೇ ಸಿನಿಮಾದ ಕರಗಿ ಹರಿಯುವ ಲೋಹದ ಮನುಷ್ಯನನ್ನು ಅವರು ಹುಟ್ಟಿಸಿದ್ದೇ ಕಂಪ್ಯೂಟರ್‌ನಲ್ಲಿ. ಯಂತ್ರವೇ ಬೇಡ ಅಂತ ಆ ಸಿನಿಮಾಗಳು ಎಲ್ಲೂ ಹೇಳಿಲ್ಲ. ಮೊದಲ ಭಾಗದಲ್ಲಿ ಸಾರಾ ಆ ಕೊಲೆಗಾರನನ್ನು ಮುಗಿಸುವುದು ಕಾರ್ಖಾನೆಯ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ. ಅದೂ ಯಂತ್ರವೇ, ಆದರೆ ಗುಂಡಿ ಒತ್ತುವುದು ಅವಳು.

ಜಿನೀವಾದಲ್ಲಿ ಈಗ ಕೇಳುತ್ತಿರುವುದೂ ಇಷ್ಟೇ: ಕೊಲ್ಲುವ ನಿರ್ಧಾರದಲ್ಲಿ ಜವಾಬ್ದಾರಿ ಹೊರುವ ಒಬ್ಬ ಮನುಷ್ಯ ಇರಲೇಬೇಕು. 2026ರೊಳಗೆ ಕಡ್ಡಾಯ ಒಪ್ಪಂದವಾಗಲಿ ಅಂತ ವಿಶ್ವಸಂಸ್ಥೆಯ ಮುಖ್ಯಸ್ಥ ಆಂಟೋನಿಯೋ ಗುಟೆರೆಸ್ ಕರೆ ಕೊಟ್ಟಿದ್ದರು. ರೇಷನ್ ಅಂಗಡಿಯ ಮಟ್ಟಿಗೆ ಈ ಮಾತು ಕಾಗದದ ಮೇಲೆ ಆಗಲೇ ಇದೆ. ಹೆಬ್ಬೆಟ್ಟು ಹೊಂದಲಿಲ್ಲ ಅಂತ ಯಾರಿಗೂ ರೇಷನ್ ತಪ್ಪಿಸಬಾರದು, ಬೇರೆ ರಿಜಿಸ್ಟರಿನಲ್ಲಿ ಬರೆದುಕೊಂಡು ಕೊಡಬೇಕು ಅಂತ ಕೇಂದ್ರ ಸರ್ಕಾರ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಅಂಗಡಿಯಲ್ಲಿ ಮಷಿನ್ ಕೆಂಪು ದೀಪ ತೋರಿಸಿದಾಗ ಸುಮ್ನೆ ವಾಪಸ್ ಬರಬೇಡಿ. ಆ ರಿಜಿಸ್ಟರ್ ಕೇಳಿ. ಅಂಗಡಿಯವನು ಇಲ್ಲ ಅಂದರೆ ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ ಹೋಗಿ, ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.